ಓಟದ ಲೆಕ್ಕ ಮರುದಿನ ಬೆಳಿಗ್ಗೆ

ಸವೆದ ಮಂಡಿ, ಗಿಡ್ಡ ಕಾಲು, ಬಿಗಿದ ಕೀಲು ಇದ್ದವರೂ ಓಡಬಹುದೇ? ಅನೇಕರು ಓಡಬಹುದು. ಎಷ್ಟು, ಹೇಗೆ, ಯಾವಾಗ ನಿಲ್ಲಿಸಬೇಕು ಎಂಬ ಲೆಕ್ಕ ಗೊತ್ತಿರಬೇಕು, ಅಷ್ಟೆ.

ಹತ್ತನೇ ವಯಸ್ಸಿನಲ್ಲಿ ಸೀಬೆಮರದಿಂದ ಬಿದ್ದು ನನ್ನ ಬಲತೊಡೆಯ ಮೂಳೆ ಮುರಿಯಿತು. ಊರಿನಲ್ಲೇ ಕಟ್ಟು ಕಟ್ಟಿಸಿದರು. ಮೂಳೆಯೇನೋ ಕೂಡಿತು, ಆದರೆ ಒಂದು ತುಂಡಿನ ಮೇಲೆ ಇನ್ನೊಂದು ಸರಿದು ಕೂಡಿತು. ಅಂದಿನಿಂದ ನನ್ನ ಬಲಗಾಲು ಎಡಗಾಲಿಗಿಂತ ಎರಡು ಸೆಂಟಿಮೀಟರ್ ಗಿಡ್ಡ. ಶಾಲೆಯ ಓಟದ ಪಂದ್ಯಗಳಲ್ಲಿ ನನಗೆ ಸಿಗುತ್ತಿದ್ದ ಕೆಲಸ, ಓಡುವವರ ಚಪ್ಪಲಿ ಕಾಯುವುದು. ನಲವತ್ತಾರು ದಾಟುವ ಹೊತ್ತಿಗೆ ಅದೇ ಕಾಲಿನ ಮಂಡಿ ನೋಯತೊಡಗಿತು. ಎಕ್ಸ್‌ರೇ ನೋಡಿದ ವೈದ್ಯರು, "ಚಿಪ್ಪು ಸವೆದಿದೆ. ಮೆಟ್ಟಿಲು ಕಡಿಮೆ ಮಾಡಿ, ನೆಲದ ಮೇಲೆ ಕೂರಬೇಡಿ, ಓಟವನ್ನಂತೂ ಮರೆತುಬಿಡಿ" ಎಂದರು. ಮರೆಯುವುದಕ್ಕೆ ನಾನು ಓಡಿಯೇ ಇರಲಿಲ್ಲ!

ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಒಬ್ಬರು ಬೇರೆ ಥರ ಯೋಚಿಸಿದರು. "ಓಡಬೇಡಿ ಅನ್ನೋದು ಸುಲಭ ಸರ್. ಎಷ್ಟು ಓಡಿದ್ರೆ ನಿಮ್ಮ ಮಂಡಿ ತಡ್ಕೊಳತ್ತೆ ಅಂತ ಮೊದಲು ನೋಡೋಣ" ಎಂದರು. ನೋಡಿದಾಗ ಅದು ಮೂವತ್ತು ಸೆಕೆಂಡ್ ತಡೆದುಕೊಂಡಿತು. ಇವತ್ತು ನನಗೆ ಐವತ್ತೊಂದು. ವಾರಕ್ಕೆ ಮೂರು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಓಡುತ್ತಾ ನಡೆಯುತ್ತಾ ಐದು ಕಿಲೋಮೀಟರ್ ಮುಗಿಸುತ್ತೇನೆ. ಮಂಡಿನೋವು ಹೋಗಿಲ್ಲ. ಅದಕ್ಕೂ ನನಗೂ ಒಂದು ಒಪ್ಪಂದವಾಗಿದೆ. ಆ ಒಪ್ಪಂದದ ಕರಾರುಗಳೇ ಈ ಲೇಖನ.

ಸವೆಯುವುದು ಚಿಪ್ಪಲ್ಲ

ನಾವು "ಚಿಪ್ಪು ಸವೆದಿದೆ" ಎನ್ನುವಾಗ ನಿಜವಾಗಿ ತೆಳುವಾಗುತ್ತಿರುವುದು ಮೂಳೆಗಳ ತುದಿಯನ್ನು ಮುಚ್ಚಿರುವ ಮೃದ್ವಸ್ಥಿ ಎಂಬ ನುಣುಪಾದ ಪದರ. ಇದರೊಳಗೆ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಪದರ ಒತ್ತಿಕೊಂಡು ದ್ರವ ಹೊರಹೋಗುತ್ತದೆ, ಕಾಲೆತ್ತಿದಾಗ ಹಿಗ್ಗಿ ದ್ರವವನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಅಂದರೆ ಚಲನೆಯಿಲ್ಲದ ಕೀಲಿಗೆ ಅನ್ನವೂ ಇಲ್ಲ. ಹೆಚ್ಚು ಹೊತ್ತು ಕೂತು ಎದ್ದಾಗ ಮಂಡಿ ಹಿಡಿದುಕೊಂಡಂತಾಗಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುವುದನ್ನು ಎಲ್ಲರೂ ಅನುಭವಿಸಿರುತ್ತೀರಿ.

ಬಸ್ಸಿನ ಟೈರು ಓಡಿದಷ್ಟೂ ಸವೆಯುತ್ತದೆ, ಮಂಡಿಯೂ ಹಾಗೇ ಎಂದು ನಂಬಿದವರು ಬಹಳ. ಆದರೆ ಟೈರಿಗೆ ಜೀವವಿಲ್ಲ. ಮಂಡಿ ತನ್ನ ಮೇಲೆ ಬೀಳುವ ಭಾರಕ್ಕೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡುಬಂದದ್ದು ಶೇ 3.5ರಷ್ಟು ಜನರಲ್ಲಿ, ಓಡದೆ ಕೂತೇ ಕೆಲಸ ಮಾಡುವವರಲ್ಲಿ ಶೇ 10.2ರಷ್ಟು. ಸ್ಪರ್ಧೆಗಾಗಿಯೇ ವಿಪರೀತ ಓಡುವವರಲ್ಲಿ ಮಾತ್ರ ಅದು ಶೇ 13.3. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಐವತ್ತು ದಾಟಿದ ಓಟಗಾರರನ್ನು 1984ರಿಂದ 21 ವರ್ಷ ಹಿಂಬಾಲಿಸಿ 2008ರಲ್ಲಿ ವರದಿ ಕೊಟ್ಟರು. ದಿನನಿತ್ಯದ ಕೆಲಸಗಳಿಗೆ ಕೈಲಾಗದ ಸ್ಥಿತಿ, ಓಡದವರಿಗಿಂತ ಓಡುವವರಿಗೆ ಎಷ್ಟೋ ವರ್ಷ ತಡವಾಗಿ ಬಂದಿತ್ತು.

ಇಲ್ಲೊಂದು ಎಚ್ಚರ ಬೇಕು. ಮಂಡಿ ಕೆಟ್ಟವರು ಓಟವನ್ನು ತಾವಾಗಿಯೇ ಬಿಟ್ಟಿರುತ್ತಾರೆ, ಗಟ್ಟಿ ಮಂಡಿಯವರೇ ಉಳಿದಿರುತ್ತಾರೆ. ಹಾಗಾಗಿ ಈ ಅಂಕಿಗಳನ್ನು "ಓಡಿದರೆ ಮಂಡಿನೋವು ವಾಸಿಯಾಗುತ್ತದೆ" ಎಂದು ಓದಿಕೊಳ್ಳಬಾರದು. "ಹದವಾಗಿ ಓಡಿದ ಮಾತ್ರಕ್ಕೆ ಮಂಡಿ ಹಾಳಾಗುವುದಿಲ್ಲ" ಎಂದಷ್ಟೇ ತಿಳಿದರೆ ಸಾಕು.

ಇನ್ನೂ ಒಂದು ವಿಷಯ. ಎಕ್ಸ್‌ರೇಗೂ ನೋವಿಗೂ ತಾಳೆಯಾಗಲೇಬೇಕೆಂದಿಲ್ಲ. ಚಿತ್ರದಲ್ಲಿ ತೀರಾ ಸವೆದ ಮಂಡಿಯವರು ಹಾಯಾಗಿ ಓಡಾಡುವುದುಂಟು, ಸ್ವಲ್ಪವೇ ಸವೆದವರು ನರಳುವುದೂ ಉಂಟು. ಎಕ್ಸ್‌ರೇ ಜಾತಕವಲ್ಲ.

ಮೊದಲು ತಿಳಿಯಬೇಕಾದ್ದು: ಇದು ಯಾವ ನೋವು?

ಕೀಲುನೋವೆಲ್ಲ ಒಂದೇ ಅಲ್ಲ. ಶೂ ಕೊಳ್ಳುವ ಮೊದಲು ನಿಮ್ಮದು ಯಾವುದು ಎಂದು ವೈದ್ಯರಿಂದ ತಿಳಿದುಕೊಳ್ಳಿ.

• ಸವೆತದ ನೋವು (ಆಸ್ಟಿಯೋ ಆರ್ಥರೈಟಿಸ್): ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಹೆಚ್ಚು ಕೆಲಸ ಮಾಡಿದ ದಿನ ಸಂಜೆ ನೋವು ಜಾಸ್ತಿ. ಈ ಲೇಖನದ ಬಹುಪಾಲು ಇಂಥವರಿಗಾಗಿ.

• ಉರಿಯೂತದ ನೋವು (ರುಮಟಾಯ್ಡ್ ಆರ್ಥರೈಟಿಸ್): ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಎರಡೂ ಕೈಗಳ ಬೆರಳುಗಳ ಕೀಲು, ಮಣಿಕಟ್ಟು ಊದಿಕೊಂಡು ಬಿಸಿಯಾಗುತ್ತವೆ. ಇಲ್ಲಿ ಮೊದಲ ಕೆಲಸ ಔಷಧದಿಂದ ರೋಗವನ್ನು ಹತೋಟಿಗೆ ತರುವುದು. ಹತೋಟಿಗೆ ಬಂದ ಮೇಲೆ ಓಟದ ಮಾತನ್ನು ವೈದ್ಯರ ಜೊತೆ ಆಡಿ. ಓಡಲು ಆಗುತ್ತಿದೆ ಎಂದು ಮಾತ್ರೆ ನಿಲ್ಲಿಸಬೇಡಿ.

• ಬೆನ್ನುಮೂಳೆಯ ಬಿಗಿತ (ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್): ಮಲಗಿದರೆ ಹೆಚ್ಚುವ, ಓಡಾಡಿದರೆ ಇಳಿಯುವ ನೋವು ಇದರ ಗುರುತು. ವ್ಯಾಯಾಮ ಇಲ್ಲಿ ಚಿಕಿತ್ಸೆಯ ಭಾಗವೇ. ಯಾವ ವ್ಯಾಯಾಮ ಎಂಬುದನ್ನು ತಜ್ಞರು ಹೇಳಬೇಕು.

• ಗೌಟ್: ಹೆಬ್ಬೆರಳ ಬುಡ ಇದ್ದಕ್ಕಿದ್ದಂತೆ ಕೆಂಪಗಾಗಿ, ಹೊದಿಕೆ ತಾಗಿದರೂ ಉರಿಯುತ್ತದೆ. ಅದು ಪೂರ್ತಿ ಇಳಿಯುವ ತನಕ ಓಟದ ಮಾತಿಲ್ಲ.

ಕೆಲವು ಲಕ್ಷಣಗಳಿದ್ದರೆ ಓಟ ಹಾಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ: ಒಂದೇ ಕೀಲು ಬಿಸಿಯಾಗಿ ಊದಿ ಜ್ವರವೂ ಬಂದಿದ್ದರೆ, ಮಂಡಿ ಮಡಚಿದ್ದು ಬಿಡಿಸಲಾಗದಂತೆ ಸಿಕ್ಕಿಕೊಂಡರೆ, ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಊದಿದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ. ನಡೆಯುವಾಗ ಮಂಡಿ ಪದೇಪದೇ ಕೈಕೊಡುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಅದನ್ನೂ ತೋರಿಸದೆ ಬಿಡಬೇಡಿ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರಿಗೆ ಓಟದ ಬದಲು ನಡಿಗೆ, ಸೈಕಲ್, ಈಜನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಿಮ್ಮ ಶಸ್ತ್ರವೈದ್ಯರ ಮಾತೇ ಕೊನೆಯದು. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಒಮ್ಮೆ ಹೃದಯ ತಪಾಸಣೆ ಮಾಡಿಸಿಕೊಂಡೇ ಶುರುಮಾಡಿ.

ನೋವಿಗೊಂದು ಅಂಕ

ಈಗ ನಮ್ಮ ಒಪ್ಪಂದದ ಮೊದಲ ಕರಾರು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುವುದು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಸಾಧ್ಯ. ಕ್ರೀಡಾಗಾಯಗಳ ಚಿಕಿತ್ಸೆಯಲ್ಲಿ ಫಿಸಿಯೋಥೆರಪಿಸ್ಟರು ಬಹುಕಾಲದಿಂದ ಬಳಸುತ್ತಿರುವ ವಿಧಾನ ಇದು. ನಾನು ಪಾಲಿಸುವ ಲೆಕ್ಕ ಹೀಗಿದೆ:

• 0ರಿಂದ 2: ಮುಂದುವರಿಸಬಹುದು.

• 3ರಿಂದ 5: ಓಟ ನಿಧಾನಿಸಿ, ನಡಿಗೆಯ ಭಾಗ ಹೆಚ್ಚಿಸಿ. ಇಳಿಯದಿದ್ದರೆ ಆ ದಿನದ ಮಟ್ಟಿಗೆ ನಡೆದು ಮುಗಿಸಿ.

• 5ಕ್ಕಿಂತ ಹೆಚ್ಚು, ಅಥವಾ ನೋವಿನಿಂದ ನಡಿಗೆಯ ರೀತಿಯೇ ಬದಲಾಗತೊಡಗಿದರೆ: ಅಲ್ಲೇ ನಿಲ್ಲಿಸಿ. ಇನ್ನು ನೂರು ಮೀಟರ್ ಇದ್ದರೂ ಸರಿ.

ಓಡುವಾಗಿನ ಅಂಕವನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ. ಮೈ ಬಿಸಿಯಾದಾಗ ಮಂಡಿ ಸುಮ್ಮನಿರುತ್ತದೆ. ಅದು ತನ್ನ ತಕರಾರು ಹೇಳುವುದು ಮರುದಿನ ಬೆಳಿಗ್ಗೆ, ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಗಳಲ್ಲಿ. ಆ ಹೊತ್ತಿನ ಅಂಕ ಎಂದಿನಷ್ಟೇ ಇದ್ದರೆ ನಿನ್ನೆಯ ಓಟ ಹದವಾಗಿತ್ತು. ಎರಡು ಅಂಕ ಏರಿದ್ದರೆ, ಅಥವಾ ಮಂಡಿಯ ಸುತ್ತ ಉಬ್ಬಿದ್ದರೆ ಓಟ ಹೆಚ್ಚಾಯಿತು. ಮುಂದಿನ ಸಲ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ.

ಇದನ್ನು ನಾನು ಕಲಿತದ್ದು ಏಟು ತಿಂದೇ. ಒಂದು ದಸರಾ ರಜೆಯಲ್ಲಿ ಕೆರೆ ದಂಡೆಯ ಮೇಲೆ ಹುಡುಗರ ಗುಂಪೊಂದು ಜೊತೆಯಾಯಿತು. "ಬನ್ನಿ ಅಂಕಲ್, ಇವತ್ತು ನಿಲ್ಲಿಸದೆ ಒಂದು ಸುತ್ತು" ಎಂದರು. ಮಂಡಿ ಚೂರೂ ನೋಯಲಿಲ್ಲ, ಗೆದ್ದೆನೆಂದುಕೊಂಡೆ. ಮರುದಿನ ಕಕ್ಕಸಿನಲ್ಲಿ ಕೂತವನಿಗೆ ಏಳಲು ಆಗದೆ ನಲ್ಲಿ ಹಿಡಿದುಕೊಂಡು ಎದ್ದೆ. ಊತ ಇಳಿಯಲು ಮೂರು ವಾರ ಹಿಡಿಯಿತು. ಅಂದಿನಿಂದ ಒಂದು ಪಾಕೆಟ್ ಪುಸ್ತಕ ಇಟ್ಟಿದ್ದೇನೆ. ಎಷ್ಟು ಓಡಿದೆ, ಓಡುವಾಗಿನ ಅಂಕ, ಮರುದಿನ ಬೆಳಗಿನ ಅಂಕ. ಮೂರೇ ಸಾಲು. ದುಬಾರಿ ಗಡಿಯಾರಕ್ಕಿಂತ ಆ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬಂದಿದೆ.

ಓಡು, ನಡೆ, ಮತ್ತೆ ಓಡು

ನಡುನಡುವೆ ನಡೆಯುವುದು ಸೋಲಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಓಡಿದ ಜೆಫ್ ಗ್ಯಾಲೋವೇ, ಹೊಸಬರಿಗೆ ಕಲಿಸಲು ಇದೇ ಓಟ-ನಡಿಗೆ ವಿಧಾನವನ್ನು ಹಿಡಿದು ಜನಪ್ರಿಯಗೊಳಿಸಿದರು. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು ಇದರ ಗುಟ್ಟು. ತೊಡೆಯ ಸ್ನಾಯು ಸೋತಾಗಲೇ ಹೆಜ್ಜೆ ತಪ್ಪಿ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಅದಕ್ಕೆ ಅವಕಾಶ ಕೊಡಬಾರದು.

ಶುರುಮಾಡಲು ಒಂದೇ ಅರ್ಹತೆ: 30 ನಿಮಿಷದ ಬಿರುಸು ನಡಿಗೆ, ವಾರಕ್ಕೆ ಐದು ದಿನ, ಮೂರು ವಾರ ಮಾಡಿದರೂ ಬೆಳಗಿನ ಅಂಕ ಏರದಿರಬೇಕು. ಅದು ಆಗದಿದ್ದರೆ ನಡಿಗೆಯಲ್ಲೇ ಇರಿ. ಆಗಿದ್ದರೆ ಮುಂದಿನ ಹತ್ತು ವಾರ ಹೀಗೆ:

• 1–2ನೇ ವಾರ: 30 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. 8 ಸಲ.

• 3–4ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ. 7 ಸಲ.

• 5–6ನೇ ವಾರ: 1 ನಿಮಿಷ ಓಟ, 1 ನಿಮಿಷ ನಡಿಗೆ. 11 ಸಲ.

• 7–8ನೇ ವಾರ: 2 ನಿಮಿಷ ಓಟ, 1 ನಿಮಿಷ ನಡಿಗೆ. 8 ಸಲ.

• 9–10ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ. 7 ಸಲ.

ವಾರಕ್ಕೆ ಮೂರೇ ದಿನ. ಎರಡು ಓಟಗಳ ನಡುವೆ ಒಂದು ದಿನ ಬಿಡುವು ಇರಲೇಬೇಕು. ಮೊದಲು ಐದು ನಿಮಿಷ, ಕೊನೆಗೆ ಐದು ನಿಮಿಷ ಬರೀ ನಡಿಗೆ. ಮೊದಲ ವಾರ ಒಂದು ದಿನಕ್ಕೆ ಒಟ್ಟು ಓಟ ನಾಲ್ಕೇ ನಿಮಿಷ! ನಗು ಬರುವಷ್ಟು ಕಡಿಮೆ ಎನಿಸಿದರೆ ಸರಿಯಾಗಿದೆ ಎಂದರ್ಥ. ಉಸಿರು, ಹೃದಯ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು, ಮೂಳೆ, ಮೃದ್ವಸ್ಥಿಗಳು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. "ಉಸಿರಿಗೆ ಏನೂ ಆಗ್ತಿಲ್ಲ, ಇನ್ನಷ್ಟು ಓಡ್ತೀನಿ" ಎಂಬ ಉಮೇದಿನಲ್ಲೇ ಹೆಚ್ಚಿನವರು ಮಂಡಿ ಕೆಡಿಸಿಕೊಳ್ಳುವುದು.

ಬೆಳಗಿನ ಅಂಕ ಸರಿಯಿಲ್ಲದಿದ್ದರೆ ಅದೇ ಹಂತವನ್ನು ಇನ್ನೆರಡು ವಾರ ಮಾಡಿ. ಹತ್ತು ವಾರದ ಪಟ್ಟಿ ಮುಗಿಸಲು ನನಗೆ ಹಿಡಿದದ್ದು ಏಳು ತಿಂಗಳು.

ಮಂಡಿಯ ಕಾವಲು ತೊಡೆಯದ್ದು

ಮಂಡಿ ನಡುವಿನ ಕೀಲು. ಮೇಲೆ ಸೊಂಟ, ಕೆಳಗೆ ಪಾದದ ಕೀಲು. ಇವೆರಡರ ಸ್ನಾಯುಗಳು ಬಲವಾಗಿದ್ದರೆ ನಡುವಿನದು ಬದುಕಿಕೊಳ್ಳುತ್ತದೆ. ಓಟವಿಲ್ಲದ ದಿನಗಳಲ್ಲಿ ವಾರಕ್ಕೆ ಎರಡು ಬಾರಿ, ಇಪ್ಪತ್ತು ನಿಮಿಷ ಇಷ್ಟು ಮಾಡಿ:

• ಕುರ್ಚಿಯಿಂದ ಏಳುವುದು: ಕೈ ಊರದೆ ನಿಧಾನವಾಗಿ ಎದ್ದು, ಇನ್ನೂ ನಿಧಾನವಾಗಿ ಕೂರಿ. 10 ಸಲ, ಎರಡು ಸುತ್ತು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿ.

• ನೇರ ಕಾಲೆತ್ತುವುದು: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೇರವಾಗಿ ಒಂದಡಿ ಎತ್ತಿ ಐದು ಎಣಿಸಿ. 10 ಸಲ.

• ಸೇತುವೆ: ಅಂಗಾತ ಮಲಗಿ, ಎರಡೂ ಮಂಡಿ ಮಡಚಿ, ಪೃಷ್ಠವನ್ನು ನೆಲದಿಂದ ಎತ್ತಿ ಹಿಡಿಯುವುದು. 10 ಸಲ.

• ಪಕ್ಕಕ್ಕೆ ಕಾಲೆತ್ತುವುದು: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು. 10 ಸಲ. ಕುಂಟಿ ನಡೆಯುವವರಿಗೆ ಇದು ಬಹಳ ಮುಖ್ಯ. ಸೊಂಟದ ಪಕ್ಕದ ಸ್ನಾಯು ಸೋತಿದ್ದರೆ ಪ್ರತಿ ಹೆಜ್ಜೆಗೂ ಮೈ ವಾಲುತ್ತದೆ.

• ಹಿಮ್ಮಡಿ ಎತ್ತುವುದು: ಗೋಡೆ ಹಿಡಿದು ತುದಿಗಾಲ ಮೇಲೆ ಏರಿ ಇಳಿಯುವುದು. 15 ಸಲ.

• ಒಂಟಿಕಾಲು: ಹಲ್ಲುಜ್ಜುವಾಗ ಒಂದು ಕಾಲ ಮೇಲೆ ಅರ್ಧ ನಿಮಿಷ, ಆಮೇಲೆ ಇನ್ನೊಂದರ ಮೇಲೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಆಸರೆ ಇರಲಿ.

ಎರಡು ತಿಂಗಳು ಬಿಡದೆ ಮಾಡಿದ ಮೇಲೆ ಮೆಟ್ಟಿಲಿಳಿಯುವಾಗ ನಾನು ಕಂಬಿ ಹಿಡಿಯುವುದನ್ನು ಮರೆತಿದ್ದೆ. ಓಟದಲ್ಲಿ ಮಾಡಿದ ಯಾವ ಸಾಧನೆಗಿಂತಲೂ ನನಗೆ ಅದು ದೊಡ್ಡದು.

ಹೆಜ್ಜೆ, ನೆಲ, ಶೂ

ಹೆಜ್ಜೆ: ಉದ್ದುದ್ದ ಹೆಜ್ಜೆ ಹಾಕಿದರೆ ಪಾದ ದೇಹಕ್ಕಿಂತ ಬಹಳ ಮುಂದೆ ಬಿದ್ದು, ನೆಲದ ಏಟು ನೇರ ಮಂಡಿಗೆ ಬರುತ್ತದೆ. ಅದೇ ವೇಗದಲ್ಲಿ ಹೆಜ್ಜೆಯನ್ನು ಚಿಕ್ಕದಾಗಿಸಿ, ಸಂಖ್ಯೆಯನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ ಮಂಡಿ ಹೀರಬೇಕಾದ ಭಾರ ಇಳಿಯುತ್ತದೆ ಎಂದು 2011ರ ಒಂದು ಅಧ್ಯಯನ ತೋರಿಸಿತು. ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. 150 ಬಂದರೆ 158ರಿಂದ 165ಕ್ಕೆ ಏರಿಸಲು ನೋಡಿ. ಕಿವಿಯೂ ಒಂದು ಅಳತೆಗೋಲು: ಪಾದದ ಸದ್ದು ಜೋರಾಗಿ ಕೇಳಿಸುತ್ತಿದ್ದರೆ ಹೆಜ್ಜೆ ಭಾರವಾಗಿದೆ.

ನೆಲ: ಗಟ್ಟಿ ಮಣ್ಣಿನ ಸಮತಟ್ಟು ದಾರಿ ಒಳ್ಳೆಯದು. ಬೇರು, ಗುಂಡಿ, ಸಡಿಲ ಕಲ್ಲಿದ್ದರೆ ಮಣ್ಣಿಗಿಂತ ಡಾಂಬರೇ ವಾಸಿ. ಇಳಿಜಾರಿನಲ್ಲಿ ಓಡಬೇಡಿ, ನಡೆದು ಇಳಿಯಿರಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿಯುವ ಹಿರಿಯರು ತಿಳಿದವರೇ. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿಗೆ ವಾಲಿರುತ್ತವೆ. ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಯಾವಾಗಲೂ ಎಡಕ್ಕೇ ತಿರುವು. ಅನುಮತಿ ಇದ್ದರೆ ಆಗಾಗ ದಿಕ್ಕು ಬದಲಿಸಿ.

ಶೂ: ನೋವು ತೆಗೆಯುವ ಮಾಯಾ ಶೂ ಇಲ್ಲ. ಸಂಜೆ, ಪಾದ ಸ್ವಲ್ಪ ಉಬ್ಬಿರುವಾಗ, ಓಟದ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಅಂಗಡಿಯಲ್ಲಿ ಹತ್ತು ಹೆಜ್ಜೆ ಓಡಿ ನೋಡಿ, ಹಿತವೆನಿಸಿದ್ದನ್ನು ಕೊಳ್ಳಿ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಮೆತ್ತೆ ಸೋಲುತ್ತದೆ. ಕುಂಟುವವರ ಒಂದು ಶೂ ಇನ್ನೊಂದಕ್ಕಿಂತ ಬೇಗ ಸವೆಯುತ್ತದೆ, ತಿಂಗಳಿಗೊಮ್ಮೆ ಎರಡರ ಅಟ್ಟೆಯನ್ನೂ ತಿರುಗಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಓಟದ ಮುಂಚೆ ಶೂ ಒಳಗೆ ಕೈಹಾಕಿ ಕಲ್ಲು ಇಲ್ಲವೆಂದು ಖಚಿತಪಡಿಸಿಕೊಂಡು, ಓಟದ ನಂತರ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಕಾಲು ಗಿಡ್ಡವಾಗಿದ್ದರೆ, ಸೊರಗಿದ್ದರೆ, ಇಲ್ಲದಿದ್ದರೆ

ಕಾಲುಗಳ ಉದ್ದದಲ್ಲಿ ಒಂದು ಸೆಂಟಿಮೀಟರ್ ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಮಂಡಿ ಸವೆತದ ಸಾಧ್ಯತೆ ಹೆಚ್ಚು, ಅದರಲ್ಲೂ ಗಿಡ್ಡ ಕಾಲಿನಲ್ಲಿ, ಎಂದು 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ನನ್ನ ಮಂಡಿಯ ಕತೆ ಅದರಲ್ಲಿತ್ತು! ಆದರೆ ಎರಡು ಸೆಂಟಿಮೀಟರ್ ಗಿಡ್ಡವೆಂದು ಅಷ್ಟನ್ನೂ ಒಂದೇ ದಿನ ಎತ್ತರಿಸಬಾರದು. ವರ್ಷಗಟ್ಟಲೆ ಓರೆಯಾಗಿ ಒಗ್ಗಿದ ಸೊಂಟ ಮತ್ತು ಬೆನ್ನು ಪ್ರತಿಭಟಿಸುತ್ತವೆ. ಮೊದಲು ಕಾಲನ್ನು ಸರಿಯಾಗಿ ಅಳತೆ ಮಾಡಿಸಿ, ಕೆಲವೇ ಮಿಲಿಮೀಟರಿನ ಹಿಮ್ಮಡಿ ಮೆತ್ತೆಯಿಂದ ಶುರುಮಾಡಿ, ವಾರಗಳ ಅಂತರದಲ್ಲಿ ಏರಿಸಬೇಕು. ಶೂ ಒಳಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಹೆಚ್ಚು ಹಿಡಿಸುವುದಿಲ್ಲ, ಹಿಮ್ಮಡಿ ಜಾರಿ ಹೊರಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಶೂ ಅಟ್ಟೆಯನ್ನೇ ಹೊರಗಿನಿಂದ ದಪ್ಪ ಮಾಡಿಸಬೇಕು. ನನ್ನದು ಒಳಗೊಂದು ಮೆತ್ತೆ, ಹೊರಗೊಂದು ಪದರ. ಅಳತೆ ತಜ್ಞರದು, ಅಂಟಿಸಿ ಹೊಲಿದದ್ದು ನಮ್ಮ ಬೀದಿಯ ಚಪ್ಪಲಿ ರಿಪೇರಿಯವರು.

ಪೋಲಿಯೊ ಬಂದ ಕಾಲಿನವರಿಗೆ ವಿಶೇಷ ಎಚ್ಚರ ಬೇಕು. ಭಾರತದಲ್ಲಿ ಸಹಜ (ವೈಲ್ಡ್) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ. ಆದರೆ ಬಾಲ್ಯದಲ್ಲಿ ಅದಕ್ಕೆ ತುತ್ತಾದವರು ನಮ್ಮ ನಡುವೆ ಲಕ್ಷಗಟ್ಟಲೆ ಇದ್ದಾರೆ. ಉಳಿದಿರುವ ಸ್ನಾಯು ಅಷ್ಟು ವರ್ಷ ಎರಡರ ಕೆಲಸ ಮಾಡಿ ಬಳಲಿರುತ್ತದೆ. ಅತಿಯಾಗಿ ದುಡಿಸಿದರೆ ಇನ್ನಷ್ಟು ದುರ್ಬಲವಾಗುವ ಅಪಾಯವಿದೆ. ಇಂಥವರಿಗೆ ಈಜು, ಕೈಗಳಿಂದ ತಿರುಗಿಸುವ ಸೈಕಲ್, ಗಾಲಿಕುರ್ಚಿ ಓಟ ಹೆಚ್ಚು ಸೂಕ್ತ. ಮಗುವಾಗಿದ್ದಾಗಲೇ ಪೋಲಿಯೊ ತಗುಲಿದ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಸ್ಪರ್ಧಿಸಿ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದವರು.

ಕೃತಕ ಕಾಲಿನವರು ನಡೆಯುವ ಕಾಲಿನಲ್ಲೇ ದೂರ ಓಡಲು ಹೋಗಬಾರದು. ಓಟಕ್ಕೆಂದೇ ಕಾರ್ಬನ್ ಫೈಬರಿನ ಬಾಗಿದ ಪಟ್ಟಿಯಂಥ ಕಾಲುಗಳಿವೆ, ಅವನ್ನು ಬ್ಲೇಡ್ ಎನ್ನುತ್ತಾರೆ. ಅವು ಒತ್ತಿಕೊಂಡು ಪುಟಿಯುತ್ತವೆ. ಬೆಲೆ ಹೆಚ್ಚು, ಅಳತೆ ನಿಖರವಾಗಿರಬೇಕು. ಪ್ರತಿ ಓಟದ ನಂತರ ಕಾಲಿನ ತುದಿಯ ಚರ್ಮ ಕೆಂಪಾಗಿದೆಯೇ, ಬೊಬ್ಬೆ ಎದ್ದಿದೆಯೇ ಎಂದು ನೋಡಿ. ಕೆಂಪು ಇಳಿಯದಿದ್ದರೆ ಮರುದಿನ ಓಟವಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡ ಮೇಜರ್ ಡಿ.ಪಿ. ಸಿಂಗ್ ದೂರದ ಓಟಕ್ಕೆ ಇಳಿದದ್ದು ಹತ್ತು ವರ್ಷಗಳ ನಂತರ. ಅವರನ್ನು ಈಗ ಭಾರತದ ಮೊದಲ ಬ್ಲೇಡ್ ರನ್ನರ್ ಎನ್ನುತ್ತಾರೆ. ಸಾಹಸದ ಹಿಂದೆ ಆ ಹತ್ತು ವರ್ಷಗಳೂ ಇವೆ ಎಂಬುದನ್ನು ಮರೆಯಬಾರದು.

ತೂಕ ಮತ್ತು ಮಾತ್ರೆ

ಮಂಡಿ ಸವೆದ, ತೂಕ ಹೆಚ್ಚಿದ್ದ ಹಿರಿಯರ ನಡಿಗೆಯನ್ನು ಅಳೆದ 2005ರ ಅಧ್ಯಯನವೊಂದರಲ್ಲಿ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿದಿತ್ತು. ಮೂರು ಕಿಲೋ ಇಳಿಸಿದರೆ ಹೆಜ್ಜೆಗೆ ಹನ್ನೆರಡು ಕಿಲೋ. ಇಷ್ಟು ಲಾಭದ ವ್ಯಾಪಾರ ಬೇರೆಲ್ಲಿದೆ? ಆದರೆ ಓಟವೊಂದರಿಂದಲೇ ತೂಕ ಇಳಿಯುತ್ತದೆಂದು ಕಾಯಬೇಡಿ. ಓಡಿ ಬಂದು ಎರಡು ಮಸಾಲೆದೋಸೆ ತಿಂದರೆ ಲೆಕ್ಕ ಸರಿಹೋಯಿತು! ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆಯಾಗಿ ಕಾಳು, ಬೇಳೆ, ಸೊಪ್ಪು, ಮೊಟ್ಟೆ ಹೆಚ್ಚಾಗಲಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕೇ ಬೇಕು.

ಓಡುವ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಅಪಾಯಕಾರಿ. ಮಾತ್ರೆ ನೋವನ್ನು ಮರೆಸುತ್ತದೆ, ಆಗ ನಮ್ಮ ಅಂಕದ ಲೆಕ್ಕವೇ ಸುಳ್ಳಾಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಹೊಟ್ಟೆಯ ಹುಣ್ಣಿಗೆ ಕಾರಣವಾಗಬಹುದು. ಬೆವರಿ ಮೈಯ ನೀರು ಇಳಿದಾಗ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಹುದು. ವೈದ್ಯರು ನಿಯಮಿತವಾಗಿ ಕೊಟ್ಟಿದ್ದರೆ, ನೀವು ಓಡುತ್ತೀರಿ ಎಂಬುದನ್ನು ಅವರಿಗೆ ತಿಳಿಸಿ.

ಕೀಲು ಕೆರಳಿದ ದಿನ

ಎಷ್ಟೇ ಲೆಕ್ಕವಿಟ್ಟರೂ ಕೆಲವು ದಿನ ಮಂಡಿ ಮುನಿಸಿಕೊಳ್ಳುತ್ತದೆ. ಮದುವೆಮನೆಯಲ್ಲಿ ಇಡೀ ದಿನ ನಿಂತಿರಬಹುದು, ಬಸ್ಸಿನಲ್ಲಿ ಎಂಟು ಗಂಟೆ ಮಡಚಿ ಕೂತಿರಬಹುದು. ಆಗ ಓಟ ನಿಲ್ಲಿಸಿ, ಓಡಾಟ ನಿಲ್ಲಿಸಬೇಡಿ. ಪೂರ್ತಿ ಮಲಗಿದರೆ ತೊಡೆ ಸೊರಗುತ್ತದೆ, ಮತ್ತೆ ಏಳುವುದು ಇನ್ನೂ ಕಷ್ಟ. ಮನೆಯೊಳಗೆ ಓಡಾಡಿ, ಕುರ್ಚಿಯಲ್ಲಿ ಕೂತು ಕಾಲು ಚಾಚಿ ಮಡಚಿ. ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ. ಊತವಿಲ್ಲದ ಬರೀ ಬಿಗಿತಕ್ಕೆ ಬಿಸಿನೀರಿನ ಶಾಖ ಹಿತ. ಬೆಳಗಿನ ಅಂಕ ಎಂದಿನ ಮಟ್ಟಕ್ಕೆ ಬಂದು ಎರಡು ದಿನ ಅಲ್ಲೇ ನಿಂತ ಮೇಲೆ, ಬಿಟ್ಟಲ್ಲಿಂದಲ್ಲ, ಒಂದು ಹಂತ ಕೆಳಗಿನಿಂದ ಶುರುಮಾಡಿ. ಎರಡು ವಾರವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ನಿಧಾನಕ್ಕೆ ನಾಚಬೇಡಿ

ಮಂಡಿನೋವಿಗಿಂತ ಮಂದಿಯ ಮಾತು ದೊಡ್ಡ ಅಡ್ಡಿ. "ಈ ವಯಸ್ಸಲ್ಲಿ ಯಾಕ್ ಸ್ವಾಮಿ ಇದೆಲ್ಲ?" ಎನ್ನುವವರು ಒಂದು ಕಡೆ, "ಇದೂ ಒಂದು ಓಟವಾ?" ಎಂದು ನೋಡುವವರು ಇನ್ನೊಂದು ಕಡೆ. ಅವರಿಗೆಲ್ಲ ನಾನು ಫೌಜಾ ಸಿಂಗ್ ಕತೆ ಹೇಳುತ್ತೇನೆ. ಪಂಜಾಬಿನಲ್ಲಿ ಹುಟ್ಟಿದ ಅವರಿಗೆ ಕಾಲಲ್ಲಿ ಬಲವಿಲ್ಲದೆ ಐದು ವರ್ಷದವರೆಗೆ ನಡೆಯಲೇ ಆಗಿರಲಿಲ್ಲವಂತೆ. ಮೊದಲ ಮ್ಯಾರಥಾನ್ ಓಡಿದ್ದು 89ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ, 2000ನೇ ಇಸವಿಯಲ್ಲಿ. 2011ರಲ್ಲಿ ಟೊರಾಂಟೊ ಮ್ಯಾರಥಾನಿನ 42 ಕಿಲೋಮೀಟರ್ ಮುಗಿಸಿದಾಗ ಅವರ ವಯಸ್ಸು ನೂರು ಎಂದು ಲೆಕ್ಕ. ತೆಗೆದುಕೊಂಡದ್ದು 8 ಗಂಟೆ 11 ನಿಮಿಷ. ಭಾಗಿಸಿ ನೋಡಿ: ಗಂಟೆಗೆ ಐದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದು ಬಿರುಸು ನಡಿಗೆಯ ವೇಗ. ಜಗತ್ತೆಲ್ಲ ಅದನ್ನು ಓಟವೆಂದೇ ಕರೆಯಿತು.

ಪಂದ್ಯಕ್ಕೆ ಹೆಸರು ಕೊಡುವ ಆಸೆಯಾದರೆ ಐದು ಕಿಲೋಮೀಟರಿನಿಂದ ಶುರುಮಾಡಿ. ಸಮಯದ ಗಡುವು ಎಷ್ಟು, ಅಂಗವಿಕಲರಿಗೆ ಪ್ರತ್ಯೇಕ ವಿಭಾಗ ಇದೆಯೇ ಎಂದು ಮೊದಲೇ ವಿಚಾರಿಸಿ. ನಡೆದು ಮುಗಿಸಲೂ ಅವಕಾಶವಿದ್ದರೆ ನಿಶ್ಚಿಂತೆ. ಪಂದ್ಯದ ದಿನ ಹಿಂಬದಿಯಲ್ಲಿ ನಿಲ್ಲಿ. ಮುಂದೆ ನಿಂತರೆ ಜನರ ನೂಕಿಗೆ ಕಾಲು ತಾನಾಗಿ ಜೋರಾಗುತ್ತದೆ.

ನಾಳೆಯೇ ಓಡಲು ಹೊರಡಬೇಡಿ. ನಾಳೆ ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹತ್ತು ಹೆಜ್ಜೆಗಳ ನೋವಿಗೆ ಒಂದು ಅಂಕ ಕೊಟ್ಟು, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ಒಂದು ವಾರ ಬರೆದರೆ ನಿಮ್ಮ ಮಂಡಿಯ ಎಂದಿನ ಅಂಕ ಯಾವುದೆಂದು ಗೊತ್ತಾಗುತ್ತದೆ. ಆ ಹಾಳೆಯನ್ನು ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ, "ನಾನು ಓಡಬಹುದಾ?" ಎಂದು ಕೇಳುವ ಬದಲು "ನಾನು ಎಷ್ಟರಿಂದ ಶುರುಮಾಡಬಹುದು?" ಎಂದು ಕೇಳಿ.